ತೊಳೆದ ನಳಿಕೆ

ಆ ಮನೆಯ ಅತ್ತೆಗೆ ಒಬ್ಬಳು ಸವತಿ ಇದ್ದಳು. ಮದುವೆಯಾದ ಹೊಸತರಲ್ಲೇ ಮನೆ ಸೇರಿಕೊಂಡು, ಮಲಗುವ ಕೋಣೆಯ ಮೂಲೆಯ ಕಬ್ಬಿಣದ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ನಿಂತವಳು. ಅಕ್ರೋಟು ಮರದ ಮೈ, ಉದ್ದನೆಯ ಕಪ್ಪು ನಳಿಕೆ. ಒಂದು ಗುಂಡು ಹಾಕಿ ಬೋಲ್ಟ್ ಅನ್ನುವ ಹಿಂಬದಿಯ ಅಗುಳಿ ಮುಚ್ಚಿ ಹೊಡೆದು, ಮತ್ತೆ ಬೋಲ್ಟ್ ಎಳೆದು ಇನ್ನೊಂದು ಗುಂಡು ಹಾಕಬೇಕಾದ ಪಾಯಿಂಟ್ ಟೂ ಟೂ ರೈಫಲ್ಲು. ಬೇಟೆಗೆ ಬರುವುದಿಲ್ಲ, ಕಾವಲಿಗೆ ಬರುವುದಿಲ್ಲ, ದೂರದ ಕಾಗದದಲ್ಲಿ ತೂತು ಮಾಡುವುದು ಬಿಟ್ಟು ಬೇರೆ ಕೆಲಸವೇ ಗೊತ್ತಿಲ್ಲ. ಅಂಥದ್ದನ್ನು ಗಂಡ ತಲೆಯ ಮೇಲೆ ಹೊತ್ತು ಮೆರೆಸುವುದನ್ನು ನೋಡಿ ಸಾಕಾಗಿ ಅತ್ತೆಯೇ ಅದಕ್ಕೆ ಸವತಿ ಅಂತ ಹೆಸರಿಟ್ಟಿದ್ದರು. ನನ್ನ ಸೊಂಟನೋವಿಗೆ ಒಂದು ದಿನ ಎಣ್ಣೆ ಹಚ್ಚಿದವರಲ್ಲ, ಸವತಿಯ ಮರಕ್ಕೆ ಮಾತ್ರ ಒಂದು ವಾರ ತಪ್ಪಿಸಿದವರಲ್ಲ ಅಂತ ಬಂದವರ ಮುಂದೆಲ್ಲ ದೂರುತ್ತಿದ್ದರು. ದೂರುವಾಗ ಮುಖದಲ್ಲಿ ನಗು ಇರುತ್ತಿತ್ತು ಅನ್ನುವುದನ್ನೂ ಹೇಳಿಬಿಡಬೇಕು.

ಮಾವ ಕಾರ್ಖಾನೆಯಲ್ಲಿ ಲೇತ್ ಹಿಡಿದು ನಿವೃತ್ತರಾದವರು. ಕೂದಲೆಳೆಯ ವ್ಯತ್ಯಾಸಕ್ಕೂ ಊಟ ಬಿಟ್ಟು ಕೂರುವ ಜಾತಿ. ಆ ರೈಫಲ್ಲಿನ ಕಬ್ಬಿಣ ಮರದೊಳಗೆ ಎಳ್ಳಷ್ಟೂ ಅಲುಗದ ಹಾಗೆ ಕೂರಿಸಿದ್ದು ಅವರದೇ ಕೈ. ಯಾವ ಡಬ್ಬಿಯ ಗುಂಡು ಅದಕ್ಕೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಅಂತ ವರ್ಷಗಟ್ಟಲೆ ಹೊಡೆದು ನೋಡಿ ಕಂಡುಕೊಂಡಿದ್ದರು. ಒಂದೇ ಕಂಪನಿಯ ಗುಂಡಾದರೂ ಒಂದು ಸಲ ತಯಾರಾದದ್ದನ್ನು ಈ ಮಹಾರಾಯಿತಿ ಚಪ್ಪರಿಸಿಕೊಂಡು ತಿನ್ನುತ್ತಿದ್ದಳು, ಮುಂದಿನ ಸಲದ್ದನ್ನು ಮೂಗು ಮುರಿದು ಉಗುಳುತ್ತಿದ್ದಳು. ಅವಳಿಗೆ ಹಿಡಿಸಿದ ಡಬ್ಬಿಗಳನ್ನು ಮಾವ ಬೀರುವಿನ ಮೇಲಿನ ಖಾನೆಯಲ್ಲಿ ಜೋಪಾನ ಮಾಡಿಟ್ಟಿದ್ದರು.

ಸೊಸೆ ಊರಿನ ಬಸ್ಸು ಓಡಿಸುವವಳು. ಅವಳಿಗೂ ಬಂದೂಕಿಗೂ ಮೊದಲು ಏನೇನೂ ಸಂಬಂಧವಿರಲಿಲ್ಲ. ಮಾವನ ಕಣ್ಣು ಕೈಕೊಡಲು ಶುರುವಾದಾಗ ಅವರನ್ನು ಗುರಿ ಹೊಡೆಯುವ ರೇಂಜಿಗೆ ಕರೆದುಕೊಂಡು ಹೋಗುವವರು ಬೇಕಾಯಿತು. ಮಗನನ್ನು ಕೇಳುವ ಹಾಗಿರಲಿಲ್ಲ, ಬಲೂನು ಒಡೆದರೂ ಬೆಚ್ಚಿಬೀಳುವ ಆಸಾಮಿ ಅವನು. ಹಾಗಾಗಿ ರಜೆಯ ದಿನ ಸೊಸೆಯೇ ಕಾರು ತೆಗೆಯುತ್ತಿದ್ದಳು. ಬೆಂಚಿನ ಮೇಲೆ ಕೂತು ಆಕಳಿಸಿ ಆಕಳಿಸಿ ಬೇಸತ್ತು, ಒಂದು ದಿನ ನಾನೂ ಒಂದು ಕೈ ನೋಡ್ತೀನಿ ಅಂತ ಚಾಪೆಯ ಮೇಲೆ ಬೋರಲು ಮಲಗಿ ರೈಫಲ್ ಹಿಡಿದಳು. ಅಷ್ಟೇ, ಹುಚ್ಚು ಹತ್ತಿತು.

ಮಾವ ಕಲಿಸಿದರು. ಕಲಿಸುವಾಗ ಅವರಿಗೆ ದಯೆ ದಾಕ್ಷಿಣ್ಯ ಅಂತ ಏನೂ ಇರಲಿಲ್ಲ. ರೈಫಲ್ಲಿಗೆ ಕೈ ಚಾಚಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, "ಕೈ ಒರೆಸ್ಕೊಂಡ್ಯಾ?" ಅಂತ. ಅವಳು ಗುಂಡು ಹಾರಿಸುವ ಕುದುರೆಯನ್ನು ಜೋರಾಗಿ ಎಳೆದರೆ ಇದು ನಿನ್ನ ಬಸ್ಸಿನ ಬ್ರೇಕಲ್ಲ ಅನ್ನುತ್ತಿದ್ದರು. ರೈಫಲ್ಲಿನ ಹಿಂದಿನ ಸಣ್ಣ ತೂತಿನೊಳಗೆ ನಳಿಕೆಯ ತುದಿಯ ಬಳೆ, ಆ ಬಳೆಯೊಳಗೆ ದೂರದ ಕಪ್ಪು ಚುಕ್ಕೆ, ಮೂರೂ ಸುತ್ತ ಸಮನಾಗಿ ಕೂತ ಗಳಿಗೆಯಲ್ಲಿ ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬೆರಳಿಗೇ ಗೊತ್ತಾಗದ ಹಾಗೆ ಎಳೆಯಬೇಕು. ಐವತ್ತು ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತ ಅಂದರೆ ಅಂಗಿಯ ಗುಂಡಿಯಷ್ಟು.

ಎಲ್ಲಕ್ಕಿಂತ ಹೆಚ್ಚಾಗಿ ಹೇಳಿಕೊಟ್ಟದ್ದು ನಳಿಕೆಯ ವಿಷಯ. ಈ ಸಣ್ಣ ಗುಂಡಿಗೆ ಮೇಣ ಬಳಿದಿರುತ್ತಾರೆ. ಹೊಡೆಯುತ್ತ ಹೊಡೆಯುತ್ತ ಆ ಮೇಣ ನಳಿಕೆಯ ಒಳಮೈಗೆ ತೆಳ್ಳಗೆ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ಮೇಲೇ ಗುಂಡುಗಳು ಒಂದರ ಬೆನ್ನಿಗೆ ಒಂದು ಒಂದೇ ತೂತಿಗೆ ಹೋಗುವುದು. ಅಡುಗೆಮನೆಯ ಕಬ್ಬಿಣದ ಕಾವಲಿಯ ಹಾಗೆ. ಪಳಗಿದ ಕಾವಲಿಯನ್ನು ಯಾರಾದರೂ ತಿಕ್ಕಿ ತಿಕ್ಕಿ ಬೆಳಗಿಟ್ಟರೆ ಮುಂದಿನ ನಾಲ್ಕು ದಿನ ಏನು ಹುಯ್ದರೂ ಅಂಟಿಕೊಳ್ಳುತ್ತದಲ್ಲ, ನಳಿಕೆಯೂ ಅಷ್ಟೇ. ಆದ್ದರಿಂದ ಮಾವ ಮರ ಒರೆಸುತ್ತಿದ್ದರು, ಬೋಲ್ಟ್ ಒರೆಸುತ್ತಿದ್ದರು, ನಳಿಕೆಯ ಒಳಗೆ ಮಾತ್ರ ಬಟ್ಟೆ ಹಾಕುತ್ತಿರಲಿಲ್ಲ.

"ಹಾಗಾದ್ರೆ ಯಾವಾಗಲೂ ತೊಳೆಯೋದೇ ಇಲ್ವಾ ಮಾವ?" ಅಂತ ಅವಳು ಒಮ್ಮೆ ಕೇಳಿದ್ದಳು.

"ಇನ್ನೊಬ್ಬರ ಕೈಗೆ ಒಪ್ಪಿಸೋವಾಗ ತೊಳೀಬೇಕು. ನಂಗೆ ಕಲಿಸಿದೋರು ಇದನ್ನ ನಂಗೆ ಕೊಡೋವಾಗ ಕನ್ನಡಿ ಥರ ಮಾಡಿ ಕೊಟ್ಟಿದ್ರು. ನಮ್ಮ ಕೊಳೆ ನಮಗೆ, ಅವರ ಕೊಳೆ ಅವರು ಹಿಡಿಸ್ಕೋತಾರೆ."

ಹೀಗಿರುವಾಗ ಮಾವನ ಕಣ್ಣು ಪೂರ್ತಿ ಕೆಟ್ಟಿತು. ದೃಷ್ಟಿಯ ನಡುವೆಯೇ ಮಸಿ ಬಳಿದ ಹಾಗೆ, ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ನಿನ್ನ ಕಿವಿ ಎರಡೂ ಕಾಣ್ತಿವೆ, ಮುಖ ಎಲ್ಲಿಟ್ಟು ಬಂದೆ ಅಂತ ಅವರು ಹೆಂಡತಿಯನ್ನು ಗೇಲಿ ಮಾಡುತ್ತಿದ್ದರು. ಆದರೆ ಪರವಾನಗಿಯ ಕಚೇರಿಯವರಿಗೆ ಇದು ಗೇಲಿಯ ವಿಷಯವಲ್ಲ. ಕಣ್ಣಿಲ್ಲದವರ ಹೆಸರಿನಲ್ಲಿ ರೈಫಲ್ ಇರುವ ಹಾಗಿಲ್ಲ ಅಂದರು. ಮನೆಯಲ್ಲೇ ಇನ್ನೊಬ್ಬರ ಹೆಸರಿಗೆ ಆಗಬೇಕಾದರೆ ಅವರು ರೈಫಲ್ ಕ್ಲಬ್ಬಿನ ಪರೀಕ್ಷೆಯಲ್ಲಿ ಅದೇ ರೈಫಲ್ಲಿನಿಂದ ಹೊಡೆದು ಪಾಸಾಗಬೇಕು. ನಲವತ್ತು ಗುಂಡು, ನಾನೂರು ಅಂಕ, ಇಪ್ಪತ್ತಕ್ಕಿಂತ ಹೆಚ್ಚು ಕಳೆದುಕೊಳ್ಳುವಂತಿಲ್ಲ. ಅವಕಾಶ ಎರಡೇ ಸಲ. ಆಗದಿದ್ದರೆ ರೈಫಲ್ ಬೇರೆ ಮನೆ ನೋಡಿಕೊಳ್ಳಬೇಕು.

ಮೊದಲ ಸಲ ಸೊಸೆ ಹೊಡೆದದ್ದನ್ನು ಕ್ಲಬ್ಬಿನವರು ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ಚೆನ್ನಾಗಿಯೇ ಹೊಡೆಯುತ್ತಿದ್ದಳು. ನಡುವೆ ಒಮ್ಮೆ ಕತ್ತೆತ್ತಿ ಬೆವರು ಒರೆಸಿಕೊಂಡು, ಮತ್ತೆ ಕೆನ್ನೆ ಊರಿ, ಬಳೆಯೊಳಗೆ ಚುಕ್ಕೆ ಕೂರಿಸಿ, ಎರಡು ಗುಂಡು ಬಿಟ್ಟಳು. ಎರಡೂ ನಟ್ಟನಡುವಿನ ಹತ್ತು. ಆದರೆ ಅವಳ ಕಾಗದಕ್ಕಲ್ಲ, ಪಕ್ಕದ ಕಾಗದಕ್ಕೆ. ಸಾಲಾಗಿ ನಿಂತ ಕಪ್ಪು ಚುಕ್ಕೆಗಳಲ್ಲಿ ನಂಬರು ನೋಡದೆ ಹೊಡೆದರೆ ಆಗುವುದೇ ಹೀಗೆ. ಇಪ್ಪತ್ತು ಅಂಕ ಅಲ್ಲಿಯೇ ಮಣ್ಣುಪಾಲು, ಮೊದಲು ಕಳೆದದ್ದೂ ಸೇರಿ ಆ ಅವಕಾಶವೇ ಹೋಯಿತು. ಪಕ್ಕದಲ್ಲಿ ಮಲಗಿ ಹೊಡೆಯುತ್ತಿದ್ದವರು ಕ್ಲಬ್ಬಿನ ಹಳೇ ಸದಸ್ಯರಾದ ಹಲ್ಲಿನ ಡಾಕ್ಟರು, ಸಂಭಾವಿತರು. ಅವರು ತಮ್ಮ ಕಾಗದ ನೋಡಿ, ಇಷ್ಟು ಒಳ್ಳೆ ಹತ್ತು ನನ್ನವಲ್ಲ ಅಂತ ತಾವೇ ಎದ್ದು ಹೇಳಿದರು. ಅವತ್ತಿನಿಂದ ಕ್ಲಬ್ಬಿನಲ್ಲಿ ಸೊಸೆಗೆ ಕೊಡುಗೈ ಅಕ್ಕ ಅಂತ ಹೆಸರು ಬಿತ್ತು.

ಅವಳೂ ನಕ್ಕಳು, ಆದರೆ ಪಟ್ಟು ಹಿಡಿದಳು. ಕೆಲಸ ಮುಗಿಸಿ ಬಂದು ಹಾಲಿನ ನೆಲದ ಮೇಲೆ ಚಾಪೆ ಹಾಸಿ, ಗೋಡೆಗೆ ಚುಕ್ಕೆ ಅಂಟಿಸಿ, ಖಾಲಿ ರೈಫಲ್ ಹಿಡಿದು ಮಲಗುತ್ತಿದ್ದಳು. ಅತ್ತೆ ಅವಳನ್ನು ದಾಟಿಕೊಂಡು ಅಡುಗೆಮನೆಗೆ ಓಡಾಡುತ್ತಿದ್ದರು. ಮೊದಲು ಗಂಡನ್ನ ಕಿತ್ಕೊಂಡಳು, ಈಗ ಸೊಸೇನೂ ಕಿತ್ಕೊಂಡಳು ಅಂತ ಗೊಣಗುತ್ತಲೇ ಅವಳ ಮೊಣಕೈಗೆ ಒತ್ತದಿರಲಿ ಅಂತ ಹಳೇ ಕಂಬಳಿಯ ತುಂಡು ಮಡಿಸಿ ಹೊಲಿದುಕೊಟ್ಟರು. ಬಸ್ಸಿನ ಸೀಟಿನ ಮೇಲೆ ಕೂತಾಗಲೂ ಸೊಸೆ ಕೆಂಪು ದೀಪದ ಮುಂದೆ ಉಸಿರು ಅರ್ಧ ಬಿಟ್ಟು ನಿಲ್ಲಿಸುವುದನ್ನು ಅಭ್ಯಾಸ ಮಾಡುತ್ತಿದ್ದಳು. ಹಸಿರು ಬಂದರೂ ಹೊರಡದ ಬಸ್ಸಿನ ಹಿಂದೆ ಹಾರ್ನುಗಳು ಕಿರುಚಿಕೊಳ್ಳುತ್ತಿದ್ದವು.

ಪರೀಕ್ಷೆಯ ಹಿಂದಿನ ದಿನ ಅವಳಿಗೆ ಸಂಜೆಯ ಪಾಳಿ. ಮನೆಗೆ ಬಂದಾಗ ಹಲ್ಲಿನ ಡಾಕ್ಟರು ಹೊರಡುತ್ತಿದ್ದರು, ಗೇಟಿನ ಹತ್ತಿರ ಎದುರಾದರು. ಸುಮ್ಮನೆ ಮಾವನನ್ನು ನೋಡಿ ಹೋಗಲು ಬಂದಿದ್ದೆ ಅಂದರು, ಅವಳ ಮುಖ ಸರಿಯಾಗಿ ನೋಡಲಿಲ್ಲ. ಮನೆಯೊಳಗೆ ಎಂಥದೋ ಎಣ್ಣೆಯ ಘಾಟು. ಅತ್ತೆ ಬಾಗಿಲ ತಿರುಗಣೆಗೆ ಹಾಕಿರಬೇಕು ಅಂದುಕೊಂಡಳು. ಮಾವ ಬೇಗ ಮಲಗಿದ್ದರು.

ಮರುದಿನ ಬೆಳಿಗ್ಗೆ ಮಾವ ಸೊಸೆ ಕಾರಿನಲ್ಲಿ ಹೊರಟರು. ಬೇರೆ ದಿನವಾದರೆ ಗಾಳಿ ಎತ್ತ, ಬಿಸಿಲು ಎಷ್ಟು ಅಂತ ತಲೆ ತಿನ್ನುತ್ತಿದ್ದ ಮನುಷ್ಯ, ಇವತ್ತು ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅದರ ಮೇಲೆ ಅಂಗೈ ಆಡಿಸುತ್ತ ಕೂತಿದ್ದರು. ಅವರಿಗೆ ನನಗಿಂತ ಹೆಚ್ಚು ಹೆದರಿಕೆ ಇದೆ ಅಂತ ಸೊಸೆಗೆ ಅನಿಸಿತು, ಪಾಪ ಅನಿಸಿತು.

ರೇಂಜಿನಲ್ಲಿ ಅವಳಿಗೆ ಸಿಕ್ಕಿದ್ದು ಏಳನೇ ನಂಬರು, ಡಾಕ್ಟರಿಗೆ ಎಂಟು. ಅವಳು ಕಂಬಳಿ ತುಂಡು ಹಾಸಿ, ಬೆಲ್ಟು ತೋಳಿಗೆ ಬಿಗಿದು ಮಲಗಿದಳು. ಮಾವ ಜೋಪಾನ ಮಾಡಿದ ಗುಂಡಿನ ಕೊನೆಯ ಎರಡು ಡಬ್ಬಿ ಪಕ್ಕದಲ್ಲಿದ್ದವು, ಡಬ್ಬಿಗೆ ಐವತ್ತು. ಲೆಕ್ಕಕ್ಕೆ ಹೊಡೆಯುವ ಮೊದಲು ಗುರಿ ಹೊಂದಿಸಿಕೊಳ್ಳಲು ಬೇರೆ ಕಾಗದಕ್ಕೆ ಎಷ್ಟು ಬೇಕಾದರೂ ಹೊಡೆಯಬಹುದು, ಆದರೆ ಸಮಯ ಎಲ್ಲಕ್ಕೂ ಸೇರಿ ಒಂದೇ. ಶುರು ಅಂದರು. ಏಳು, ಅಂತ ಬಾಯಲ್ಲೇ ಹೇಳಿಕೊಂಡು ಅವಳು ಮೊದಲ ಗುಂಡು ಬಿಟ್ಟಳು.

ನಳಿಕೆಯ ತುದಿಯಿಂದ ನೀಲಿ ಹೊಗೆ ಸುರುಳಿಯಾಗಿ ಎದ್ದಿತು. ದುರ್ಬೀನಿನಲ್ಲಿ ನೋಡಿದರೆ ತೂತು ಮೇಲೆ ಎಲ್ಲೋ ಐದರಲ್ಲಿ. ಎರಡನೆಯದು ಕೆಳಗೆ ಎಡಕ್ಕೆ. ಮೂರನೆಯದು ಬಲಕ್ಕೆ, ಮತ್ತೆ ಐದು. ಮೂರು ಗುಂಡು ಮೂರು ಊರಿಗೆ ಹೋಗಿದ್ದವು. ಕೈ ಅಲುಗಿರಲಿಲ್ಲ, ಉಸಿರು ತಪ್ಪಿರಲಿಲ್ಲ. ಅವಳು ಬೋಲ್ಟ್ ಎಳೆದು ಮೂಗು ಹತ್ತಿರ ತಂದಳು. ಮೇಣದ ವಾಸನೆಯಲ್ಲ, ನಿನ್ನೆ ಸಂಜೆ ಮನೆಯಲ್ಲಿದ್ದ ಅದೇ ಘಾಟು.

ನಳಿಕೆ ತೊಳೆದಿದ್ದಾರೆ.

ಯಾಕೆ ಅಂತ ಅವಳು ಯೋಚಿಸಬೇಕಾಗಲಿಲ್ಲ. ಗೇಟಿನಲ್ಲಿ ಮುಖ ತಪ್ಪಿಸಿದ ಡಾಕ್ಟರು, ಬೇಗ ಮಲಗಿದ ಮಾವ, ತೊಡೆಯ ಮೇಲಿನ ಪೆಟ್ಟಿಗೆಯ ಮೇಲೆ ಆಡುತ್ತಿದ್ದ ಅಂಗೈ, ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಮಾತ್ರ ತೊಳೆಯುವುದು. ಮಾವ ಡಾಕ್ಟರಿಗೆ ಮಾತು ಕೊಟ್ಟು, ಮನಸ್ಸಿನಲ್ಲೇ ಒಪ್ಪಿಸಿಯಾಗಿತ್ತು. ಅವಳು ಗೆಲ್ಲುವುದಿಲ್ಲ ಅಂತ ತೀರ್ಮಾನ ಮಾಡಿ, ಕಳಿಸಿಕೊಡುವ ಸಂಕಟದಲ್ಲಿ ಕಾಣದ ಕಣ್ಣಿನಲ್ಲೇ ಕೂತು ಉಜ್ಜಿ ಉಜ್ಜಿ ತೊಳೆದಿದ್ದರು. ಅದರಿಂದಲೇ ಇವಳು ಬೆಳಿಗ್ಗೆ ಹೊಡೆಯಬೇಕು ಅನ್ನುವುದೇ ಅವರ ತಲೆಯಲ್ಲಿ ಉಳಿದಿರಲಿಲ್ಲ.

ಅವಳಿಗೆ ಅಳು ಬಂತು, ಅಳುವಿನ ಬೆನ್ನಿಗೇ ಕೋಪ ಬಂತು. ಆಗಲ್ಲ ಅಂತ ಮುಖಕ್ಕೆ ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಎದ್ದು ಹೋಗಿಬಿಡಲೇ, ಅವರದೇ ತೀರ್ಮಾನ ನಿಜವಾಗಲಿ ಅಂತಲೂ ಒಂದು ಗಳಿಗೆ ಅನಿಸಿತು. ಹಿಂದಿನ ಬೆಂಚಿನಲ್ಲಿ ಯಾರೋ ಎದ್ದ ಸದ್ದಾಯಿತು. ಮಾವ. ಅವರಿಗೆ ಕಾಗದ ಕಾಣುವುದಿಲ್ಲ, ಆದರೆ ಎಣ್ಣೆ ಸುಟ್ಟ ವಾಸನೆ ಅವರ ಮೂಗಿಗೂ ಬಡಿದಿತ್ತು, ತಾವು ಮಾಡಿದ್ದೇನು ಅಂತ ಆಗಲೇ ಅವರಿಗೆ ಹೊಳೆದದ್ದು. ನಡುವೆ ಯಾರೂ ಮಾತಾಡುವಂತಿಲ್ಲ, ಕೂತ್ಕೊಳ್ಳಿ ಅಂತ ರೇಂಜಿನ ಅಧಿಕಾರಿ ಗದರಿಸಿದರು. ಮಾವ ಕೂತರು.

ಹಿಂದೆ ತಿರುಗಿ ನೋಡಲಿಲ್ಲ ಸೊಸೆ. ಈಗ ಎರಡೇ ದಾರಿ ಇದ್ದವು. ಗುರಿಯ ತಿರುಪು ತಿರುಗಿಸಿ ಗುಂಡು ಹೋದ ಕಡೆಗೆಲ್ಲ ಓಡುವುದು ಒಂದು. ಹೊಸಬರೆಲ್ಲ ಮಾಡುವುದು ಅದನ್ನೇ. ಇದು ಮೇಲೆ ಹೋಯಿತು ಅಂತ ಕೆಳಗೆ ತಿರುಗಿಸಿ, ಮುಂದಿನದು ಕೆಳಗೆ ಹೋದಾಗ ಮೇಲೆ ತಿರುಗಿಸಿ, ಕೊನೆಗೆ ಗುರಿ ಎಲ್ಲಿತ್ತು ಅನ್ನುವುದೇ ಮರೆತು ಕೂರುವುದು. ಇನ್ನೊಂದು, ಕಾವಲಿ ಪಳಗುವ ತನಕ ಸುಮ್ಮನೆ ಹುಯ್ಯುತ್ತ ಹೋಗುವುದು. ಅದಕ್ಕೆ ಗುಂಡು ಬೇಕು, ಸಮಯ ಬೇಕು, ಗಟ್ಟಿ ಎದೆ ಬೇಕು. ಮೂರನ್ನೂ ನೋಡಿಯೇ ಬಿಡೋಣ ಅಂತ ಅವಳು ಹಲ್ಲು ಕಚ್ಚಿದಳು.

ತಿರುಪು ಮುಟ್ಟಲಿಲ್ಲ. ಹಾಕಿದಳು, ಮುಚ್ಚಿದಳು, ಹೊಡೆದಳು, ಎಳೆದಳು. ಐದು, ಆರು, ನಾಲ್ಕು, ಮತ್ತೆ ಆರು. ಒಂದೊಂದನ್ನೂ ಲೆಕ್ಕದ ಗುಂಡು ಅನ್ನುವ ಹಾಗೇ ಉಸಿರು ಹಿಡಿದು ಬಿಟ್ಟಳು, ಯಾಕೆಂದರೆ ಕೈ ಕೆಟ್ಟರೆ ನಳಿಕೆ ಸುಧಾರಿಸಿದ್ದು ಗೊತ್ತಾಗುವುದಿಲ್ಲ. ಉಳಿದವರೆಲ್ಲ ಲೆಕ್ಕದ ಕಾಗದಕ್ಕೆ ಹೋಗಿ ಬಹಳ ಹೊತ್ತಾಗಿತ್ತು. ಡಾಕ್ಟರು ಒಮ್ಮೆ ಓರೆಗಣ್ಣಿನಲ್ಲಿ ಅವಳ ಕಡೆ ನೋಡಿದರು. ಚಳಿಯ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಬಸ್ಸು ಶುರು ಮಾಡಿ ಇಂಜಿನ್ನು ಬಿಸಿಯಾಗಲಿ ಅಂತ ಕೂತಾಗ ಪ್ರಯಾಣಿಕರು ಗಡಿಯಾರ ನೋಡಿ ನೋಡಿ ಕೆಮ್ಮುತ್ತಾರಲ್ಲ, ಅಂಥ ಕೆಮ್ಮುಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು. ಒಂದು ಡಬ್ಬಿ ಖಾಲಿಯಾಯಿತು.

ಆಮೇಲೆ ಒಂದು ಎಂಟು ಬಿತ್ತು. ಅದರ ಪಕ್ಕ ಇನ್ನೊಂದು ಎಂಟು. ಅದಾದ ಮೇಲೆ ಒಂಬತ್ತು, ಹತ್ತು, ಹತ್ತು. ಮೂರೂ ತೂತು ಒಂದನ್ನೊಂದು ಕಚ್ಚಿಕೊಂಡಿದ್ದವು. ಬೋಲ್ಟ್ ಎಳೆದಾಗ ಪರಿಚಯದ ಮೇಣದ ವಾಸನೆ ಬಂತು. ಬಂದ್ಯಾ ತಾಯಿ ಅಂತ ಸೊಸೆ ಮರಕ್ಕೆ ಕೆನ್ನೆ ಒತ್ತಿದಳು. ಡಬ್ಬಿಯಲ್ಲಿ ಲೆಕ್ಕಕ್ಕೆ ಬೇಕಾದಷ್ಟು ಗುಂಡಿದ್ದವು, ಮೇಲೆ ಉಳಿಯುವುದು ಬೆರಳೆಣಿಕೆಯಷ್ಟು. ಸಮಯ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಅವಳು ಲೆಕ್ಕದ ಕಾಗದಕ್ಕೆ ಹೋದಳು.

ಪ್ರತಿ ಗುಂಡಿಗೂ ಮೊದಲು ಏಳು ಅಂದಳು. ಕಾಗದದ ನಂಬರು ನೋಡಿದಳು, ಗಾಳಿಯ ದಿಕ್ಕು ತಿಳಿಯಲು ಕಟ್ಟಿದ್ದ ಬಟ್ಟೆಯ ಪಟ್ಟಿ ನೋಡಿದಳು, ಬಳೆಯೊಳಗೆ ಚುಕ್ಕೆ ಕೂರಿಸಿದಳು. ಎಷ್ಟು ಕಳೆದುಕೊಂಡೆ ಅಂತ ಎಣಿಸಲಿಲ್ಲ, ಎಣಿಸಿದರೆ ಬೆರಳು ಭಾರವಾಗುತ್ತದೆ. ಕೋಪ ಎಲ್ಲೂ ಹೋಗಿರಲಿಲ್ಲ. ಆದರೆ ಅದು ಕೈಗೆ ಇಳಿಯದ ಹಾಗೆ ನೋಡಿಕೊಂಡಳು, ಮನೆಗೆ ಹೋಗಿ ಬಳಸಿಕೊಳ್ಳೋಣ ಅಂತ ಒಂದು ಕಡೆ ಎತ್ತಿಟ್ಟಳು.

ಕೊನೆಯ ಗುಂಡಿಗೆ ಬಟ್ಟೆಯ ಪಟ್ಟಿ ಇದ್ದಕ್ಕಿದ್ದ ಹಾಗೆ ಇನ್ನೊಂದು ಕಡೆಗೆ ತಿರುಗಿತು. ಸಮಯ ಮುಗಿಯುತ್ತ ಬಂದಿದೆ ಅಂತ ಅಧಿಕಾರಿ ಕೂಗಿದರು. ಎಳೆಯಲು ಹೊರಟ ಬೆರಳನ್ನು ಅವಳು ತೆಗೆದಳು. ಉಸಿರು ಪೂರ್ತಿ ಬಿಟ್ಟಳು, ಮತ್ತೆ ತೆಗೆದುಕೊಂಡಳು. ಬೇರೆಯವರೆಲ್ಲ ಎದ್ದು ನಿಂತು ಮೈ ಮುರಿಯುತ್ತಿದ್ದರು. ಪಟ್ಟಿ ಅಲ್ಲಾಡಿ, ಸೋತು, ಮೊದಲಿನ ಕಡೆಗೇ ಬಂದು ಬಿತ್ತು. ಏಳು, ಅಂದಳು. ಹೊಡೆದಳು.

ಕಾಗದ ತಂದು ಅಧಿಕಾರಿ ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಿದರು. ಕಳೆದುಕೊಂಡದ್ದು ಹದಿನೇಳು. ಮುನ್ನೂರ ಎಂಬತ್ತಮೂರು ಅಂದರು. ಡಾಕ್ಟರು ಬಂದು ಕೈ ಕುಲುಕಿದರು. ಅವರ ಮುಖದಲ್ಲಿ ನಿರಾಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಮನೆಯಲ್ಲಿ ಬೀರು ಖಾಲಿ ಮಾಡಿಟ್ಟು ಬಂದಿದ್ದ ಮನುಷ್ಯ. ಆದರೂ ದೊಡ್ಡ ಮನಸ್ಸು. "ಈ ಸಲ ನನ್ನ ಕಾಗದಕ್ಕೆ ಒಂದೂ ಕೊಡ್ಲಿಲ್ಲ ನೀವು" ಅಂದರು. ಸುತ್ತಲಿದ್ದವರು ನಕ್ಕರು, ಸೊಸೆಯೂ ನಕ್ಕಳು.

ಮಾವ ಬೆಂಚಿನಿಂದ ಎದ್ದಿರಲಿಲ್ಲ. ಅವಳು ಹೋಗಿ ಎದುರಿಗೆ ನಿಂತಳು. ಅವರು ಅವಳ ಮುಖ ಕಾಣಲಿ ಅಂತ ತಲೆಯನ್ನು ಪಕ್ಕಕ್ಕೆ ವಾಲಿಸಿದರು.

"ನಳಿಕೆ ತೊಳೆದಿದ್ರಿ."

"ಹೂಂ."

"ನನ್ನ ಕೈಲಾಗಲ್ಲ ಅಂತ."

ಮಾವ ಏನಾದರೂ ಸಬೂಬು ಹೇಳುತ್ತಾರೆ ಅಂತ ಅವಳು ಕಾದಳು. ಮರೆವು, ಕಣ್ಣು, ವಯಸ್ಸು, ಹೇಳಿದ್ದರೆ ಯಾವುದನ್ನಾದರೂ ನಂಬುತ್ತಿದ್ದಳೇನೋ. ಅವರು ಮತ್ತೆ ಹೂಂ ಅಂದರು, ಅಷ್ಟೇ. ಆ ಪ್ರಾಮಾಣಿಕತೆಗೆ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. ಮನೆಯ ದಾರಿಯಲ್ಲಿ ಒಂದು ತಿರುವಿನಲ್ಲಿ ಅವಳಿಗೆ ಕಣ್ಣು ಮಂಜಾಗಿ ಕಾರು ಪಕ್ಕಕ್ಕೆ ನಿಲ್ಲಿಸಿ, ಮುಖ ಒರೆಸಿಕೊಂಡು ಮತ್ತೆ ಹೊರಟಳು. ಮಾವನಿಗೆ ಅದು ಕಾಣಲಿಲ್ಲ ಅಂತೇನಿಲ್ಲ, ಪಕ್ಕದಲ್ಲಿರುವುದು ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಇಬ್ಬರ ಮುಖ ನೋಡಿ ಸೋತೇ ಬಂದರು ಅಂದುಕೊಂಡರು. ಪಾಸಾಯಿತು ಅಂತ ಗೊತ್ತಾದ ಮೇಲೆ ಅಲ್ಲೇ ಗೋಡೆಗೆ ಒರಗಿದರು. ಆಮೇಲೆ ಗಂಡನ ಕಡೆ ತಿರುಗಿ ಹೇಳಿದರು, "ನಿನ್ನೇನೇ ಹೇಳಿದ್ನಲ್ಲ, ತೊಳೀಬೇಡಿ, ಅವಳು ಬಿಡಲ್ಲ ಅಂತ. ನನ್ನ ಮಾತು ಯಾವತ್ತು ಕೇಳಿದ್ದೀರಾ? ಇಷ್ಟು ವರ್ಷ ಸವತಿ ಜೊತೆ ಏಗಿದೋಳು ನಾನು, ನೀವು ಇನ್ನೊಬ್ಬರ ಮನೆಗೆ ಕಳಿಸೋಕೆ ಯಾರು?"

ಮನೆಯಲ್ಲಿ ಒಬ್ಬರಾದರೂ ತನ್ನನ್ನು ನಂಬಿದ್ದರು, ಅದೂ ಬಂದೂಕನ್ನು ಕಂಡರಾಗದ ಅತ್ತೆ. ಸೊಸೆಗೆ ನಗು ಬಂತು, ತಡೆಯಲಾಗಲಿಲ್ಲ. ಎತ್ತಿಟ್ಟುಕೊಂಡು ಬಂದ ಕೋಪ ಅರ್ಧ ಅಲ್ಲೇ ಸೋರಿಹೋಯಿತು.

ಕೋಣೆಗೆ ಹೋಗಿ ಪೆಟ್ಟಿಗೆ ತೆರೆದಳು. ಬೀರುವಿನ ಬೀಗದ ಕೈಯನ್ನು ಮಾವ ಜೇಬಿನಿಂದ ತೆಗೆದು ಮಂಚದ ಮೇಲೆ ಅವಳ ಕಡೆಗೆ ಸರಿಸಿದರು. ರೈಫಲ್ಲನ್ನು ಒಳಗಿಡುವ ಮೊದಲು ಅಭ್ಯಾಸ ಬಲದಿಂದ ಅವರ ಕೈ ಮರದ ಕಡೆ ಚಾಚಿತು. ಅರ್ಧದಲ್ಲೇ ನಿಂತಿತು.

"ಮುಟ್ಲಾ?" ಅಂದರು.

ಅಷ್ಟು ವರ್ಷ ಆ ರೈಫಲ್ಲನ್ನು ಮುಟ್ಟಲು ಯಾರನ್ನೂ ಕೇಳದವರು. ಸೊಸೆ ಅವರನ್ನು ನೋಡಿದಳು.

"ಕೈ ಒರೆಸ್ಕೊಂಡ್ರಾ?"

ಮಾವ ಎರಡೂ ಅಂಗೈಗಳನ್ನು ಅಂಗಿಗೆ ಉಜ್ಜಿ ಉಜ್ಜಿ ಒರೆಸಿಕೊಂಡು, ತೋರಿಸಿದರು. ಅವಳು ಬೋಲ್ಟ್ ತೆಗೆದು, ಖಾಲಿ ಇದೆಯೇ ಅಂತ ಇನ್ನೊಮ್ಮೆ ನೋಡಿ, ರೈಫಲ್ಲನ್ನು ಅವರ ತೊಡೆಯ ಮೇಲೆ ಅಡ್ಡ ಇಟ್ಟಳು. ಅವರು ಮರವನ್ನು ಸವರಲಿಲ್ಲ. ನಳಿಕೆಯ ಹಿಂಬದಿಗೆ ಮೂಗು ಹತ್ತಿರ ತಂದು ನಿಧಾನವಾಗಿ ಉಸಿರೆಳೆದುಕೊಂಡರು.

"ಚೆನ್ನಾಗಿ ಹಿಡಿದಿದೆ ಕೊಳೆ," ಅಂದರು. "ಇದ್ರಲ್ಲಿ ನಂದು ಒಂದು ಚೂರೂ ಇಲ್ಲ ಕಣಮ್ಮ. ಎಲ್ಲಾ ನಿಂದೇ."